ನೀರಿನ ಬಾಟಲಿಗೆ ಅಡ್ಡ ಬಂದ ಸೋಪು

ಟಿ.ವಿ.ಯಲ್ಲಿ ಮ್ಯಾಚ್ ನೋಡುವುದು ಸುಮ್ಮನೆ ಕೂತು ಮಾಡುವ ಕೆಲಸ ಅಂತ ಯಾರಾದರೂ ಹೇಳಿದರೆ, ಅವರನ್ನು ಗ್ರೌಂಡಿಗೆ ಮೂರು ರೌಂಡ್ ಓಡಿಸಬೇಕು ಅನ್ನಿಸುತ್ತೆ ನನಗೆ. ನಮ್ಮ ಕಾಗದನಗರದ ಮನೆಸಾಲಿನಲ್ಲಿ ಮ್ಯಾಚ್ ಇದ್ದ ದಿನ ಏನೂ ಎಡವಟ್ಟಾಗಲಿಲ್ಲ ಅಂದರೆ ಅವತ್ತು ಕರೆಂಟೇ ಇರಲಿಲ್ಲ ಅಂತ ಅರ್ಥ.

ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಸೀಟಿ ಬೀರು ಸೇರಿತು, ಗಂಟಲು ಮಾತ್ರ ಹಾಗೇ ಉಳಿಯಿತು. ನಮ್ಮ ಹಿಂದಿನ ಸಾಲಿನಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಇದ್ದಾರೆ. ಅವರ ಮಗಳು ನನ್ನ ಕೈಯಲ್ಲಿ ಕ್ರಿಕೆಟ್ ಕಲಿತವಳು. ಮಗಳ ಒಂದೇ ಒಂದು ಆಟವನ್ನೂ ಆ ತಾಯಿ ನೋಡಿರಲಿಲ್ಲ. ಸರಿಯಾಗಿ ಮ್ಯಾಚಿನ ದಿನವೇ ಯಾರದ್ದಾದರೂ ಮದುವೆ ಬ್ಲೌಸು ಅರ್ಜೆಂಟ್ ಇರುತ್ತಿತ್ತು. "ಹೆಣ್ಣುಮಗು ಬಿಸಿಲಲ್ಲಿ ಚೆಂಡಿನ ಹಿಂದೆ ಓಡಿದ್ರೆ ಏನು ಸಿಗುತ್ತೆ ಮೇಡಂ?" ಅಂತ ಅವರು ಹಿಂದೊಮ್ಮೆ ಕೇಳಿದಾಗ ನಾನು, "ಕಳಿಸಿ ನೀವು. ಒಂದಿನ ನಿಮ್ಮ ಮಗಳನ್ನ ಟಿ.ವಿ.ಲಿ ತೋರಿಸ್ತೀನಿ" ಅಂದುಬಿಟ್ಟಿದ್ದೆ.

ಹೋದ ವರ್ಷ ಹುಡುಗಿ ನಿಜವಾಗಿಯೂ ಹೆಂಗಸರ ಲೀಗಿನ ಒಂದು ತಂಡಕ್ಕೆ ಆಯ್ಕೆಯಾದಳು. ಆಡಿದ ಮಾತು ನಡೆಸಿಕೊಡುವ ಹೊಣೆ ನನ್ನ ಕೊರಳಿಗೆ ಬಿತ್ತು.

ಸೋಪಿನ ಹುಡುಗಿ

ಮೊದಲ ಮ್ಯಾಚಿನ ದಿನ ನಮ್ಮ ಮನೆ ತುಂಬ ಜನ. ಟೈಲರಮ್ಮ, ಅವರ ನಾದಿನಿ, ಎದುರು ಮನೆಯ ನಿವೃತ್ತ ಫಿಟ್ಟರ್, ಅಕ್ಕಪಕ್ಕದವರು. ಎರಡು ಸೇರು ಮಂಡಕ್ಕಿ ಒಗ್ಗರಣೆ ಹಾಕಿಟ್ಟಿದ್ದೆ. ಆದರೆ ಹನ್ನೊಂದು ಜನರ ಪಟ್ಟಿಯಲ್ಲಿ ನಮ್ಮ ಹುಡುಗಿಯ ಹೆಸರೇ ಬರಲಿಲ್ಲ. ಇರಲಿ, ಬೆಂಚಿನಲ್ಲಾದರೂ ಕಂಡಾಳು ಅಂತ ಕಾದೆವು. ಕ್ಯಾಮೆರಾದವನು ತಂಡದ ಮಾಲೀಕರ ಕೂಲಿಂಗ್ ಗ್ಲಾಸ್ ತೋರಿಸಿದ, ಕೆನ್ನೆಗೆ ಬಣ್ಣ ಬಳಿದುಕೊಂಡ ಮಗುವನ್ನು ತೋರಿಸಿದ, ಗ್ರೌಂಡಿಗೆ ನುಗ್ಗಿದ ನಾಯಿಯನ್ನಂತೂ ನಾಲ್ಕು ದಿಕ್ಕಿನಿಂದ ತೋರಿಸಿದ.

ನಾದಿನಿ ಮಂಡಕ್ಕಿ ಮುಗಿಸಿ ಕೈ ಒದರಿಕೊಂಡು, "ಟೀಮಲ್ಲಿದ್ದಾಳೆ ಅಂದ್ರಿ. ನಾಯಿ ಕಾಣಿಸ್ತು, ಇವಳು ಕಾಣಿಸ್ಲಿಲ್ವಲ್ಲ" ಅಂದಳು. ಟೈಲರಮ್ಮನ ಮುಖ ಸಣ್ಣಗಾಯಿತು. ನನಗೆ ಮೈಯೆಲ್ಲ ಉರಿಯಿತು.

ಮ್ಯಾಚ್ ಮುಗಿದ ಮೇಲೆ ಮಗಳ ಫೋನು. "ಅಮ್ಮಾ, ಎರಡು ಸಲ ಗ್ರೌಂಡಿಗೆ ಹೋಗಿದ್ದೆ, ಎಲ್ಲರಿಗೂ ನೀರು ಕೊಡೋಕೆ. ನೋಡಿದ್ಯಾ?" ಆಗ ಗುಟ್ಟು ತಿಳಿಯಿತು. ಆಟ ನಿಲ್ಲಿಸಿ ನೀರು ಕುಡಿಯುವಾಗ ಮಾತ್ರ ನಮ್ಮವಳು ಗ್ರೌಂಡಿಗಿಳಿಯುವುದು. ಅದೇ ಹೊತ್ತಿಗೆ ಟಿ.ವಿ.ಯವರು ಜಾಹೀರಾತು ಹಾಕುವುದು.

ಮುಂದಿನ ಮ್ಯಾಚಿಗೆ ನೀರಿನ ವಿರಾಮಕ್ಕೇ ಹೊಂಚು ಹಾಕಿ ಕೂತೆವು. ಅಂಪೈರ್ ಕೈ ಎತ್ತಿದಳು. ಬೌಂಡರಿ ಗೆರೆಯ ಹತ್ತಿರ ಒಂದು ಹಳದಿ ಬಾಟಲಿ, ಅದನ್ನು ಹಿಡಿದ ಒಂದು ಕೈ. ಟೈಲರಮ್ಮ "ಅದೇ, ಅದೇ ಕೈ!" ಅಂತ ಎದ್ದು ನಿಂತರು. ಅಷ್ಟರಲ್ಲಿ ಪರದೆ ತುಂಬ ನೊರೆ, ನೊರೆಯ ನಡುವೆ ಒಬ್ಬಳು ನಗುತ್ತಾ ಸೋಪು ಹಿಡಿದು ನಿಂತಿದ್ದಳು. ಟೈಲರಮ್ಮ ಟಿ.ವಿ. ಹತ್ತಿರ ಹೋಗಿ, ಪಕ್ಕದಿಂದ ಬಗ್ಗಿ ನೋಡಿ, ದೀನವಾಗಿ ಕೇಳಿದರು:

"ಮೇಡಂ, ಈ ಸೋಪಿನ ಹುಡುಗಿ ಒಂಚೂರು ಆಚೆ ಸರಿದ್ರೆ ನಮ್ಮವಳು ಕಾಣ್ತಾಳಾ?"

ಎರಡು ರೌಂಡ್

ಮರುದಿನ ಬೆಳಿಗ್ಗೆಯೇ ಕೇಬಲಿನವನ ಆಫೀಸಿಗೆ ಹೋದೆ. ಅವನೂ ನನ್ನ ಹಳೇ ಶಿಷ್ಯ. ಈಗ ಹೊಟ್ಟೆ ಬಂದಿದೆ, ತಲೆ ಮುಂದಿನಿಂದ ಖಾಲಿಯಾಗುತ್ತಿದೆ, ಆದರೂ ನನ್ನನ್ನು ಕಂಡ ಕೂಡಲೇ ಕುರ್ಚಿಯಿಂದೆದ್ದು ಅಟೆನ್ಷನ್ನಿನಲ್ಲಿ ನಿಂತ.

"ನೀರು ಕುಡಿಯೋ ಟೈಮಲ್ಲಿ ಜಾಹೀರಾತು ಬರಬಾರದು. ಇವತ್ತಿಂದಲೇ" ಅಂದೆ.

"ಮೇಡಂ, ಅದನ್ನ ಹಾಕೋದು ನಾನಲ್ಲ. ಮೇಲಿಂದ ಹೇಗೆ ಬರುತ್ತೋ ಹಾಗೇ ನಾನು ಮನೆಗೆ ಬಿಡ್ತೀನಿ ಅಷ್ಟೆ."

"ಬರೋ ದಾರೀಲಿ ತಡೆಯೋ."

"ತಡೆದ್ರೆ ಇಡೀ ಭದ್ರಾವತಿಗೆ ಪರದೆ ಕಪ್ಪಾಗುತ್ತೆ ಮೇಡಂ."

"ಎಂಟನೇ ಕ್ಲಾಸಲ್ಲೂ ನೀನು ಹೀಗೇ ನೆಪ ಹೇಳ್ತಿದ್ದೆ" ಅಂದೆ. ಪಾಪ, ಅವನ ಹಣೆ ಬೆವರಿತು. ಆಫೀಸಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನು ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು, ಬೆಲ್ಟ್ ಬಿಗಿದು ಹೇಳಿದ: "ಮೇಡಂ, ಗ್ರೌಂಡಿಗೆ ಎರಡು ರೌಂಡ್ ಹೊಡಿ ಅನ್ನಿ, ಈಗಲೇ ಹೊಡೆದು ಬರ್ತೀನಿ. ಇದೊಂದು ಕೇಳಬೇಡಿ."

ಹನ್ನೆರಡು ಟಿ.ವಿ.

ನಾನು ಬಿಡುವವಳಲ್ಲ. ಟಿ.ವಿ. ಹಳೇದಾದ್ದಕ್ಕೇ ಹೀಗೆ, ಹೊಸ ಸ್ಮಾರ್ಟ್ ಟಿ.ವಿ.ಯಲ್ಲಿ ಏನು ಬೇಕಾದರೂ ಆಗುತ್ತೆ ಅಂತ ಯಾರೋ ಅಂದರು. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ದುರ್ಗಿಗುಡಿಯಲ್ಲಿ ದೊಡ್ಡದೊಂದು ಟಿ.ವಿ. ಅಂಗಡಿ. ಮಾಲೀಕರು ಬಹಳ ಮರ್ಯಾದಸ್ಥರು. "ಬನ್ನಿ ಅಮ್ಮ, ಈ ಪಿಕ್ಚರ್ ನೋಡಿ. ಆಟಗಾರರ ಮೂಗಿನ ತುದೀಲಿ ಬೆವರು ನಿಂತಿರೋದೂ ಕಾಣುತ್ತೆ" ಅಂದರು.

"ಬೆವರು ಬೇಡ, ನೀರು ಬೇಕು" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಫ್ಯಾನ್ ಹಾಕಿಸಿ ಒಂದು ಲೋಟ ನೀರು ತರಿಸಿಕೊಟ್ಟರು.

ಅವತ್ತು ಮಧ್ಯಾಹ್ನವೇ ನಮ್ಮ ತಂಡದ ಮ್ಯಾಚಿತ್ತು. "ಮ್ಯಾಚ್ ಹಾಕಿ, ನೀರಿನ ವಿರಾಮದವರೆಗೆ ನೋಡಿಯೇ ತಗೋತೀನಿ" ಅಂತ ಸ್ಟೂಲ್ ಎಳೆದುಕೊಂಡು ಕೂತೆ. ಗೋಡೆಯ ಮೇಲೆ ಸಣ್ಣದು ದೊಡ್ಡದು ಸೇರಿ ಹನ್ನೆರಡು ಟಿ.ವಿ.; ಹನ್ನೆರಡರಲ್ಲೂ ಅದೇ ಮ್ಯಾಚ್. ದಾರಿಯಲ್ಲಿ ಹೋಗುವವರೂ ಒಳಗೆ ಬಂದು ನಿಂತರು. ಮಿಕ್ಸಿ ಕೊಳ್ಳಲು ಬಂದ ದಂಪತಿ ಮಿಕ್ಸಿ ಮರೆತು ಸ್ಕೋರು ಕೇಳುತ್ತಿದ್ದರು. ಕೊನೆಗೂ ಅಂಪೈರ್ ಕೈ ಎತ್ತಿದಳು. ನಾನು ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಹನ್ನೆರಡು ಟಿ.ವಿ.ಯಲ್ಲೂ ಹನ್ನೆರಡು ಸೋಪು.

ಮಾಲೀಕರಿಗೆ ಆಗ ನನ್ನ ಕಷ್ಟ ಪೂರ್ತಿ ಅರ್ಥವಾಯಿತು. ಆ ಪುಣ್ಯಾತ್ಮರೇ ಒಂದು ದಾರಿ ತೋರಿಸಿದ್ದು. ಸ್ಮಾರ್ಟ್ ಟಿ.ವಿ.ಗೆ ಇಂಟರ್ನೆಟ್ ಹಾಕಿಸಿದರೆ ಮ್ಯಾಚಿನ ಆ್ಯಪಿನಲ್ಲಿ ಬೇಕಾದ ಕ್ಯಾಮೆರಾ ಆರಿಸಿಕೊಳ್ಳಬಹುದಂತೆ, ಬೆಂಚಿನ ಮೇಲೆ ಕೂತವರನ್ನೇ ತೋರಿಸುವ ಕ್ಯಾಮೆರಾ ಕೂಡ ಇದೆಯಂತೆ, ಅದಕ್ಕೆ ಜಾಹೀರಾತು ಬರುವುದಿಲ್ಲವಂತೆ. ಹಳೇ ಟಿ.ವಿ. ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಂಡೆ. ದೊಡ್ಡ ಸೈಜಿನದ್ದರ ಮೇಲೆ ನನಗೆ ಕಣ್ಣಿತ್ತು. ಮಾಲೀಕರೇ ಬೇಡ ಅಂದರು: "ಆ್ಯಪ್ ಕೈಕೊಟ್ಟ ದಿನ ಸೋಪೂ ಅಷ್ಟೇ ದೊಡ್ಡದಾಗಿ ಕಾಣುತ್ತೆ ಅಮ್ಮ."

ಎದುರು ಮನೆಯ ಔಟು

ಕೊನೆಗೂ ಟೈಲರಮ್ಮ ಮಗಳನ್ನು ಕಂಡರು. ಬೆಂಚಿನ ಕ್ಯಾಮೆರಾದಲ್ಲಿ ಎಡಗಡೆಯಿಂದ ಮೂರನೇ ಕುರ್ಚಿ, ತಂಡದ ಬಟ್ಟೆಯ ಮೇಲೊಂದು ಕಿತ್ತಳೆ ಬಣ್ಣದ ಜಾಕೀಟು. ಟೈಲರಮ್ಮ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ, "ಪ್ಯಾಂಟು ಎರಡಿಂಚು ಉದ್ದ ಆಗಿದೆ ಮೇಡಂ. ಯಾರು ಹೊಲಿದದ್ದು ಇದನ್ನ?" ಅಂದರು.

ಒಂದೇ ತೊಂದರೆ. ಬೆಂಚಿನ ಕ್ಯಾಮೆರಾ ಬೇಸರವಾಗಿ ನಡುವೆ ಆಟ ಹಾಕಿದರೆ, ಆ್ಯಪಿನ ಆಟ ಎದುರು ಮನೆಯ ಕೇಬಲ್ ಟಿ.ವಿ.ಗಿಂತ ಅರ್ಧ ನಿಮಿಷ ಹಿಂದೆ. ಫಿಟ್ಟರಣ್ಣ ಅಲ್ಲಿ "ಹೋಯ್ತು, ಔಟು!" ಅಂತ ಕೂಗಿದಾಗ ನಮ್ಮ ಮನೆಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದಳು. ಆ ಬ್ಯಾಟಿನವಳು ಔಟಾಗುವುದು ಅವಳಿಗಿಂತ ಮೊದಲು ನಮಗೆ ಗೊತ್ತು. ಪಾಪ ಅನ್ನಿಸುತ್ತಿತ್ತು.

ನಾನು ಬೀರುವಿನಿಂದ ಸೀಟಿ ತೆಗೆದು ಕಿಟಕಿಯಲ್ಲಿ ನಿಂತು ಊದಿದೆ. "ಅಣ್ಣಾ, ಅರ್ಧ ನಿಮಿಷ ತಡೆದು ಕೂಗಿ!"

ಫಿಟ್ಟರಣ್ಣ ಒಳ್ಳೆಯವರು, ಒಪ್ಪಿಕೊಂಡರು. ಆದರೆ ವಿಕೆಟ್ ಬಿದ್ದ ಕೂಡಲೇ ಟವಲ್ ಬಾಯಿಗೆ ತುರುಕಿಕೊಂಡು ಲೆಕ್ಕ ತಪ್ಪಿ ಮತ್ತೆ ಒಂದರಿಂದ ಮೂವತ್ತರವರೆಗೆ ಎಣಿಸುವಷ್ಟರಲ್ಲಿ ಅವರ ಟಿ.ವಿ.ಯಲ್ಲಿ ಮುಂದಿನ ಬಾಲ್ ಸಿಕ್ಸರ್ ಆಗಿರುತ್ತಿತ್ತು. ಸಿಕ್ಸರಿಗೆ ದುಃಖಪಡುವುದೋ ಔಟಿಗೆ ಕೂಗುವುದೋ ತಿಳಿಯದೆ ಅವರ ಮುಖ ಕೆಂಪಾಗುತ್ತಿತ್ತು. ಮೂರನೇ ವಿಕೆಟ್ಟಿಗೆ ಅವರ ಹೆಂಡತಿ ರಸ್ತೆ ದಾಟಿ ಬಂದು, "ನೋಡಿ, ಇವ್ರಿಗೆ ಬಿ.ಪಿ. ಇದೆ, ಕೂಗೋಕೆ ಬಿಟ್ಟುಬಿಡಿ" ಅಂತ ಕೈ ಮುಗಿದರು. ಹಿಂದೆಯೇ ಬಂದ ಫಿಟ್ಟರಣ್ಣ ಟವಲ್ ಹೆಗಲಿಗೆ ಹಾಕಿಕೊಂಡು ಅಂದರು:

"ಹೊಸ ಟೆಕ್ನಾಲಜಿ ಅಂದ್ರೆ ಇಷ್ಟೇ ಮಾರಾಯ್ತಿ. ನಮ್ಮನೇಲಿ ಹಳಸಿದ್ದನ್ನ ನಿಮ್ಮನೇಲಿ ಬಿಸಿ ಮಾಡಿ ಬಡಿಸೋದು."

ಮೂರನೇ ಕುರ್ಚಿ

ಕೊನೆಯ ಮ್ಯಾಚ್. ಗೆದ್ದರೆ ಕಪ್ಪು ನಮ್ಮ ತಂಡಕ್ಕೆ. ಅವತ್ತು ನಾನು ಶಪಥ ಮಾಡಿದ್ದೆ: ಆಟಗೀಟ ಏನೂ ಬೇಡ, ಬೆಂಚಿನ ಕ್ಯಾಮೆರಾ ಕದಲಿಸುವುದೇ ಇಲ್ಲ. ಹಿಂದಿನ ಮ್ಯಾಚಿನಲ್ಲಿ ಆಟದ ಕ್ಯಾಮೆರಾಕ್ಕೆ ಹೋಗಿ ಬರುವಷ್ಟರಲ್ಲಿ ಹುಡುಗಿ ನೀರು ಕೊಟ್ಟು ವಾಪಸ್ ಬಂದಿದ್ದಳು, ಟೈಲರಮ್ಮ ಎರಡು ದಿನ ಅದನ್ನೇ ಹಲುಬಿದ್ದರು. ಫಿಟ್ಟರಣ್ಣ, "ಬೆಂಚಿನ ಮೇಲೆ ಕೂತವರನ್ನ ನೋಡೋಕೆ ನಮ್ಮೂರ ಬಸ್ ಸ್ಟ್ಯಾಂಡ್ ಸಾಲದಾ?" ಅಂತ ಬೈದು ತಮ್ಮ ಮನೆಗೆ ಹೋದರು.

ನಮ್ಮವರ ರನ್ ಬೆನ್ನಟ್ಟಿ ಎದುರಾಳಿಗಳು ಬ್ಯಾಟ್ ಮಾಡುತ್ತಿದ್ದರು, ಇನ್ನು ಎರಡು ಮೂರು ಓವರ್ ಬಾಕಿ ಇರಬೇಕು. ಇದ್ದಕ್ಕಿದ್ದಂತೆ ನಮ್ಮ ಹುಡುಗಿ ಎದ್ದಳು. ಕಿತ್ತಳೆ ಜಾಕೀಟು ಕಳಚಿ ಕುರ್ಚಿಯ ಮೇಲೆ ಎಸೆದು ಪರದೆಯಿಂದಾಚೆ ಓಡಿದಳು.

"ಎಲ್ಲಿಗೆ ಹೋದ್ಲು? ನೀರಿನ ಟೈಮಲ್ವಲ್ಲ" ಅಂದರು ಟೈಲರಮ್ಮ.

"ಬರ್ತಾಳೆ ಇರಿ. ಬಾತ್‌ರೂಮಿಗೆ ಹೋಗಿರ್ತಾಳೆ."

ಐದು ನಿಮಿಷವಾಯಿತು. ಖಾಲಿ ಕುರ್ಚಿ, ಮೇಲೊಂದು ಜಾಕೀಟು. ನಾದಿನಿ, "ಒಂದ್ಸಲ ಆಟ ಹಾಕಿ ನೋಡಿ" ಅಂತ ರಿಮೋಟಿಗೆ ಕೈ ಚಾಚಿದಳು. ನಾನು ರಿಮೋಟಿನ ಮೇಲೆ ಕೂತುಬಿಟ್ಟೆ. "ಆ ಕಡೆ ಹೋದ ಕೂಡಲೇ ಇವಳು ಬಂದುಬಿಡ್ತಾಳೆ. ಯಾರೂ ಮುಟ್ಟಬೇಡಿ!"

ಅಷ್ಟರಲ್ಲಿ ಟೋಪಿ ಹಾಕಿದ ಒಬ್ಬ ದಢೂತಿ ಮನುಷ್ಯ ಬಂದು ಮೂರನೇ ಕುರ್ಚಿಯ ಬೆನ್ನು ಹಿಡಿದು ಕೂರಲು ಬಗ್ಗಿದ. ಟೈಲರಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದವರ ಹಾಗೆ ಎದ್ದು ನಿಂತು ಕೂಗಿದರು: "ಏಯ್, ಅಲ್ಲಿ ಜನ ಇದ್ದಾರೆ! ಜಾಕೀಟು ಕಾಣಿಸಲ್ವಾ?" ಕೇಳಿಸಿತೇನೋ ಎಂಬಂತೆ ಅವನು ಜಾಕೀಟು ನೋಡಿ ಪಕ್ಕದ ಕುರ್ಚಿಗೆ ಸರಿದ. ನಾವಿಬ್ಬರೂ ಉಸಿರು ಬಿಟ್ಟೆವು.

ಆಗಲೇ ರಸ್ತೆಯಲ್ಲಿ ಪಟಾಕಿ ಶಬ್ದ. ಫಿಟ್ಟರಣ್ಣ ಚಪ್ಪಲಿ ಇಲ್ಲದೆ ಒಳಗೆ ನುಗ್ಗಿದರು. "ನೋಡಿದ್ರಾ? ನೋಡಿದ್ರಾ?"

"ಶ್! ಹುಡುಗಿ ಎಲ್ಲೋ ಎದ್ದು ಹೋಗಿದ್ದಾಳೆ, ನಾವೇ ಗಾಬರೀಲಿದ್ದೀವಿ" ಅಂದೆ.

"ಅವಳು ಎಲ್ಲಿಗೆ ಹೋದ್ಲು ಅಂತ ಇಡೀ ದೇಶಕ್ಕೆ ಗೊತ್ತು ಮಾರಾಯ್ತಿ! ಒಬ್ಬಳ ಕಾಲು ಉಳುಕ್ತು, ಇವಳನ್ನ ಫೀಲ್ಡಿಗಿಳಿಸಿದ್ರು. ಬೌಂಡರೀಲಿ ಹಾರಿ ಕ್ಯಾಚ್ ಹಿಡಿದ್ಲು. ಕಪ್ಪು ನಮ್ದು!"

ನಾನು ರಿಮೋಟಿನ ಮೇಲೆಯೇ ಕೂತಿದ್ದೆ. ಇಷ್ಟು ದಿನ ಒದ್ದಾಡಿ, ಕೊನೆಗೆ ಆ ತಾಯಿಯ ಕಣ್ಣಿಗೆ ಅಡ್ಡ ನಿಂತದ್ದು ಸೋಪಲ್ಲ, ನಾನೇ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಹೊಸ ಟೆಕ್ನಾಲಜಿಯನ್ನು ಬೈಯುತ್ತಿದ್ದ ಫಿಟ್ಟರಣ್ಣನೇ ನನ್ನನ್ನು ಎಬ್ಬಿಸಿ ರಿಮೋಟ್ ತೆಗೆದುಕೊಂಡು, ಆಟವನ್ನು ಹಿಂದಕ್ಕೆ ಓಡಿಸಿ ಆ ಕ್ಯಾಚ್ ಹಾಕಿದರು. ಟೈಲರಮ್ಮ ನೋಡಿದರು. ಮತ್ತೆ ಹಾಕಿಸಿ ನೋಡಿದರು. ಹತ್ತು ಸಲವಾದರೂ ಆಯಿತು. ಪ್ಯಾಂಟಿನ ಉದ್ದದ ಮಾತು ಒಮ್ಮೆಯೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಮಗಳ ಫೋನು. ಸ್ಪೀಕರಿಗೆ ಹಾಕಿದೆವು. ಆ ಕಡೆ ಗಲಾಟೆ, ಹಾಡು, ಅಳು ನಗು ಎಲ್ಲ. "ಅಮ್ಮಾ, ನಾನು ಕ್ಯಾಚ್ ಹಿಡಿಯೋವಾಗ ನೋಡ್ತಾ ಇದ್ಯಾ?"

ಟೈಲರಮ್ಮನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ದನಿ ಗಟ್ಟಿ ಮಾಡಿಕೊಂಡು ಹೇಳಿದರು:

"ಇಲ್ಲ ಮಗಳೇ. ನೀನು ಎದ್ದು ಹೋದಾಗಿಂದ ನಾನೂ ಮೇಡಮ್ಮೂ ನಿನ್ನ ಕುರ್ಚಿ ಕಾಯ್ತಾ ಕೂತಿದ್ವಿ. ಒಬ್ಬ ದಪ್ಪಗಿನವನು ಬಂದಿದ್ದ, ಇಲ್ಲಿಂದಲೇ ಗದರಿ ಓಡಿಸ್ದೆ. ನಿನ್ನ ಜಾಗ ಯಾರಿಗೂ ಬಿಟ್ಟಿಲ್ಲ."