ಪಾಲಾಕ್ಷನ ಮೊದಲನೇ ಪ್ರಶ್ನೆ

ಪಾಲಾಕ್ಷನ ದಾರಿಗೆ ಅಡ್ಡ ನಿಂತದ್ದು ಒಂದೇ ಒಂದು ಹಾಳೆ. ಅದರ ಅಡಿಯಲ್ಲಿ ಎರಡು ಸಹಿ ಬೀಳಬೇಕಿತ್ತು, ಒಂದು ರೋಗಿಯದು, ಇನ್ನೊಂದು ರೋಗಿಯ ಮನೆಯವರದು. ಹೂವಿನಹಡಗಲಿಯ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿ ಊರಿಗೆಲ್ಲ ಸೂಜಿ ಚುಚ್ಚಿದ ಮನುಷ್ಯ, ನಲವತ್ತೆರಡನೇ ವಯಸ್ಸಿನಲ್ಲಿ ಕ್ಯಾನ್ಸರ್ ಶುಶ್ರೂಷೆಯ ಸ್ನಾತಕೋತ್ತರ ತರಬೇತಿಗೆ ಸೇರಿ ಮತ್ತೆ ವಿದ್ಯಾರ್ಥಿಯಾಗಿದ್ದ. ಪರೀಕ್ಷೆಗಳೆಲ್ಲ ಮುಗಿದು ಉಳಿದದ್ದು ಇದೊಂದೇ. ಒಬ್ಬ ಕ್ಯಾನ್ಸರ್ ರೋಗಿಯ ಎದುರು ಕೂತು ತಿಳಿಯುವ ಮಾತಿನಲ್ಲಿ ಕಾಯಿಲೆಯ ನಿಜ ಹೇಳಬೇಕು, ಹೇಳಿದ್ದು ಹೌದೆಂದು ಇಬ್ಬರೂ ಸಹಿ ಹಾಕಬೇಕು. ಇವತ್ತು ಸಂಜೆ ಐದರೊಳಗೆ ಕಳಿಸದಿದ್ದರೆ ಇನ್ನೊಂದು ವರ್ಷ ಇಂಜೆಕ್ಷನ್ ಕೋಣೆಯೇ ಗತಿ.

ಆದರೆ ಆ ಸೀಮೆಯಲ್ಲಿ ರೋಗಿಯ ಮುಂದೆ ಆ ರೋಗದ ಹೆಸರನ್ನು ಯಾರೂ ಎತ್ತುವುದಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅದರಿಂದ ಸತ್ತವರೆಲ್ಲ ಪಿತ್ತ, ಗ್ಯಾಸು, ಹುಣ್ಣು ಎಂದುಕೊಂಡೇ ಹೋಗಿದ್ದಾರೆ. ಮೂರು ವರ್ಷದ ಹಿಂದೆ ಪಾಲಾಕ್ಷನ ತಾಯಿ ಕೊಟ್ರಮ್ಮನೂ ಹಾಗೆಯೇ ಹೋದಳು. ಗ್ಯಾಸಿನ ಗುಳಿಗೆ ಕೊಟ್ಟು ಕೊಟ್ಟು ಸುಳ್ಳು ಹೇಳಿದವನು ಅವನೇ. ಅವಳು ನುಂಗಿ ನೀರು ಕುಡಿದು, "ಈಗ ಹಗುರಾತು ನೋಡು," ಅನ್ನುತ್ತಿದ್ದಳು. ಪಾಪ, ನಂಬಿಕೊಂಡೇ ಸತ್ತಳಲ್ಲ ಎಂಬ ಸಂಕಟಕ್ಕೇ ಅವನು ಈ ತರಬೇತಿ ಸೇರಿದ್ದು.

ನಿಜ ಹೇಳುವುದಕ್ಕೂ ಒಂದು ಕ್ರಮವಿದೆ ಎಂದು ಪಾಠ ಹೇಳುವ ಗೀತಾಂಜಲಿ ಮೇಡಂ ಕಲಿಸಿದ್ದರು. ಮೊದಲು, ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು ಎಂದು ಕೇಳಬೇಕು. ಪಾಲಾಕ್ಷ ಇದನ್ನು ವಾರವಿಡೀ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಹಿಂದೆ ತಲೆ ಬಾಚಲು ಕಾದು ನಿಂತ ಹೆಂಡತಿ, ನನಗೇನೂ ಗೊತ್ತಿಲ್ಲ, ಮೊದಲು ಆ ಕಡೆ ಸರಿಯಿರಿ ಎಂದಿದ್ದಳು.

ಆರಿಸಿಕೊಂಡ ರೋಗಿ ಬೊಮ್ಮಮ್ಮ. ಅವನ ತಾಯಿಯ ಗೆಳತಿ, ಒಂದೇ ಕಟ್ಟೆಯ ಮೇಲೆ ಕೂತು ಮೂವತ್ತು ವರ್ಷ ಜೊತೆಯಲ್ಲಿ ಮಲ್ಲಿಗೆ ಕಟ್ಟಿದವಳು. ಈಗ ಅವಳಿಗೂ ಹೊಟ್ಟೆಯ ಕ್ಯಾನ್ಸರ್.

ಬೆಳಿಗ್ಗೆ ಹತ್ತಕ್ಕೆ ಅವಳ ಮನೆ ಮುಂದೆ ಬೈಕು ನಿಲ್ಲಿಸುವುದರೊಳಗೆ ಬೊಮ್ಮಮ್ಮನ ಗಂಡ ಹುಲುಗಣ್ಣ ಅವನನ್ನು ಎಮ್ಮೆಯ ಮರೆಗೆ ಎಳೆದೊಯ್ದ. ಆಕೆಗೆ ಪಿತ್ತ ಎಂದು ಹೇಳಿಟ್ಟಿದ್ದೇನೆ, ಮಗಳಿಗೂ ಅಷ್ಟೇ ಗೊತ್ತು, ನೀನೂ ಪಿತ್ತವನ್ನು ಬಿಟ್ಟು ಕದಲಬೇಡ ಎಂದು ಕೈ ಹಿಡಿದುಕೊಂಡ. ಅವನಿಂದ ಬಿಡಿಸಿಕೊಂಡು ಒಳಗೆ ಕಾಲಿಟ್ಟರೆ ಮಗಳು ಪಂಪಮ್ಮ ಹಿತ್ತಲಿಗೆ ಕರೆದಳು. ಅವ್ವನಿಗೆ ಇರುವುದೇನೆಂದು ತನಗೆ ಗೊತ್ತು, ಅಪ್ಪನಿಗೆ ಮಾತ್ರ ತಿಳಿಯಬಾರದು, ಅವನ ಎದೆ ಗಟ್ಟಿಯಿಲ್ಲ ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅಪ್ಪ ಆಗಲೇ ಎಮ್ಮೆಯ ಹಿಂದೆ ನಿಂತು ಅತ್ತು ಮುಗಿಸಿದ್ದಾನೆ ಎಂದು ಹೇಳುವ ಹಾಗಿಲ್ಲ. ಪಾಲಾಕ್ಷ ತಲೆಯಾಡಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ಬೆನಕಪ್ಪ ಗೋಡೆಯ ಮೇಲಿಂದ ಕತ್ತು ಚಾಚಿ ಕರೆದ. ಆ ಮನೆಯಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ, ಗೊತ್ತಿರುವುದು ತನಗೊಬ್ಬನಿಗೇ ಎಂದು ಅವನು ದೃಢವಾಗಿ ನಂಬಿದ್ದ.

"ಆಸ್ಪತ್ರಿ ಬ್ರದರ್ ಯಾಕ ಬಂದಾರ ಅಂತ ಓಣಿ ಕೇಳತೈತಿ," ಎಂದ ಬೆನಕಪ್ಪ. "ಎಲ್ಲಾರ ಬಿ.ಪಿ. ನೋಡಾಕ ಬಂದಾರ ಅಂತ ಹೇಳಿಬಿಟ್ಟೀನ್ರಿ. ಇನ್ನ ನೋಡೇಬಿಡ್ರಿ."

ಹತ್ತು ನಿಮಿಷದಲ್ಲಿ ಕಟ್ಟೆಯ ಮುಂದೆ ಸರದಿ ಬೆಳೆಯಿತು. ಬಿ.ಪಿ. ಇದ್ದವರು ಬಂದರು, ಇಲ್ಲದವರು ಇದೆಯೇನೋ ಎಂಬ ಆಸೆಯಿಂದ ಬಂದರು. ಒಬ್ಬಾಕೆ ಎರಡೂ ತೋಳಿಗೆ ನೋಡಿಸಿಕೊಂಡಳು. ಪಕ್ಕದ ಓಣಿಯವರೂ ಊಟ ಮುಗಿಸಿ ನಿಧಾನವಾಗಿ ಬಂದರು. ಚೀಲದೊಳಗಿನ ಹಾಳೆ ಪಾಲಾಕ್ಷನ ಎದೆಯ ಮೇಲೇ ಕೂತಂತಿತ್ತು. ಕೊನೆಯವನು ಬೆನಕಪ್ಪ, ಅವನದೇ ಎಲ್ಲರಿಗಿಂತ ಜಾಸ್ತಿ ಇತ್ತು. ಆಗ ಗಂಟೆ ನಾಲ್ಕೂವರೆ.

"ನನ್ನದೂ ಒಂದೀಟು ನೋಡಪಾ," ಎಂದು ಒಳಗಿನಿಂದ ಬೊಮ್ಮಮ್ಮ ಕರೆದಳು. ಗಂಡನನ್ನು ಎಲೆಯಡಿಕೆ ತರಲು, ಮಗಳನ್ನು ಹಾಲು ತರಲು ಅಟ್ಟಿದಳು. ಮಡಿಲಲ್ಲಿ ಮಲ್ಲಿಗೆ ಮೊಗ್ಗು ಇತ್ತು. ಮೈ ಕರಗಿ ಮುಷ್ಟಿಯಷ್ಟಾಗಿದ್ದರೂ ಬೆರಳು ಮಾತ್ರ ಹೂ ಕಟ್ಟುತ್ತಲೇ ಇದ್ದವು. ಪಾಲಾಕ್ಷ ಹತ್ತಿರ ಕೂತು ಮೊದಲನೇ ಪ್ರಶ್ನೆ ಕೇಳಿದ.

"ಚಿಗವ್ವ, ನಿನ್ನ ಬ್ಯಾನಿ ಬಗ್ಗೆ ನಿನಗೇನು ಗೊತ್ತೈತಿ?"

"ಕ್ಯಾನ್ಸರ್," ಎಂದಳು ಬೊಮ್ಮಮ್ಮ, ಹೂವಿಗೆ ದಾರ ಸುತ್ತುತ್ತ. "ಸ್ಕ್ಯಾನ್ ಮಾಡಿದ ಡಾಕ್ಟರಮ್ಮನ್ನ ನಾನ ಕೇಳಿದೆ, ಆಕಿ ಹೇಳಿದ್ಲು. ಬಾಳ ದಿನ ಇಲ್ಲಂತ."

ಪಾಲಾಕ್ಷನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾಚಿಕೆಯಾಗುವಷ್ಟು ಖುಷಿಯೂ ಆಯಿತು. ಅರ್ಧ ಕೆಲಸ ಮುಗಿದೇಹೋಗಿತ್ತು. ಹಾಳೆ ತೆಗೆದು ವಿಷಯ ವಿವರಿಸಿದ. ಬೊಮ್ಮಮ್ಮ ಎರಡನೇ ಗೆರೆಯ ಮೇಲೆ ಬೆರಳಿಟ್ಟು, ಇಲ್ಲಿ ಯಾರದು ಎಂದು ಕೇಳಿದಳು. ಮನೆಯವರದು ಎಂದ. ಅವಳು ಹಾಳೆಯನ್ನು ಮಡಿಚಿ ಅವನ ಅಂಗಿಯ ಜೇಬಿಗೇ ತುರುಕಿದಳು.

"ಬ್ಯಾಡಪಾ. ನನಗ ಗೊತ್ತಿಲ್ಲ ಅಂತ ಅವರು ನನ್ನ ಮುಂದ ನಕ್ಕೋಂತ ಅಡ್ಡಾಡತಾರ. ಗೊತ್ತೈತಿ ಅಂದ್ರ ಇವತ್ತ ಅಳಾಕ ಕುಂದರತಾರ. ಇರೋ ನಾಕು ದಿನ ನಗೋ ಮಕ ನೋಡತೀನಿ."

ಇಷ್ಟು ದಿನ ಹೇಗೆ ತೋರಗೊಡದೆ ಇದ್ದೆ ಎಂದು ಪಾಲಾಕ್ಷ ಸೋತ ದನಿಯಲ್ಲಿ ಕೇಳಿದ.

"ನಿಮ್ಮವ್ವನ್ನ ನೋಡಿ ಕಲ್ತೆ," ಎಂದಳು. "ನೀ ಗ್ಯಾಸಿನ ಗುಳಿಗಿ ಕೊಟ್ಟು ಡ್ಯೂಟಿಗಿ ಹೋದ ಮ್ಯಾಲ ಕೊಟ್ರಮ್ಮ ನನ್ನ ಕೈ ಹಿಡಕಂಡು ಅಳತಿದ್ಲು. ನನ ಮಗಗ ಗೊತ್ತಾಗಬಾರದು ಬೊಮ್ಮಿ, ಅವ ತಡಕೊಳಂಗಿಲ್ಲ ಅಂತಿದ್ಲು."

ಪಾಲಾಕ್ಷ ಬಿ.ಪಿ. ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದ. ಬರೀ ಒಂದು ಪ್ರಶ್ನೆ. ಮೂರು ವರ್ಷದ ಹಿಂದೆ ಅದನ್ನು ಅವನು ಮನೆಯಲ್ಲೇ ಕೇಳಬಹುದಿತ್ತು.

ಹೊರಗೆ ಬಂದರೆ ಹುಲುಗಣ್ಣ, ಪಂಪಮ್ಮ, ಬೆನಕಪ್ಪ ಮೂವರೂ ಬೇರೆ ಬೇರೆ ಕಡೆ ನಿಂತು ಅವನ ಮುಖವನ್ನೇ ನೋಡುತ್ತಿದ್ದರು. "ಪಿತ್ತ," ಎಂದ ಪಾಲಾಕ್ಷ. ಮೂವರೂ ಉಸಿರು ಬಿಟ್ಟರು. ಜೇಬಿನ ಫೋನು ಬಡಿದುಕೊಂಡಿತು. ನಿಜ ಹೇಳಿದಿರಾ ಎಂದು ಗೀತಾಂಜಲಿ ಮೇಡಂ ಕೇಳಿದರು. ಆಗಲಿಲ್ಲ ಎಂದ. ಹಾಗಾದರೆ ಮುಂದಿನ ವರ್ಷ ನೋಡೋಣ ಎಂದು ಅವರು ಬೇಸರದಿಂದ ಫೋನಿಟ್ಟರು.

ಅವನು ಬೈಕಿನ ಕೀಲಿ ಹುಡುಕುತ್ತಿದ್ದಾಗ ಹುಲುಗಣ್ಣ ಎಲೆಯಡಿಕೆ ಹಿಡಿದು ಒಳಗೆ ಹೋದ. ಬೊಮ್ಮಮ್ಮನ ದನಿ ಬೀದಿಯವರೆಗೆ ಸ್ಪಷ್ಟವಾಗಿ ಕೇಳಿಸಿತು.

"ಪಾಲಾಕ್ಷ ಬಂದು ನೋಡಿದ್ದ ಚಲೋ ಆತ್ರಿ. ಈಗ ಹಗುರಾತು ನೋಡ್ರಿ."