ಕ್ಯಾಮರಾ ಮುಂದ ಎಲ್ಲಾ ಅರಾಮ

ಮೈಕ್ ಹಿಡ್ಕೊಂಡು ನಮ್ಮ ಯಾದಗಿರಿ ಜಿಲ್ಲಾದಾಗ ಎಲ್ಲೇ ನಿಂತ್ರೂ ಏನರ ಒಂದು ಫಜೀತಿ ಆಗೇ ಆಗ್ತದ. ಆಗಲಿಲ್ಲಂದ್ರ ಮೈಕ್ ಆನ್ ಮಾಡೂದು ಮರ್ತೀನಿ ಅಂತ ಅರ್ಥ.

ನಾ ಬಿ.ಎ. ಎರಡನೇ ವರ್ಷಕ್ಕ ಕಾಲೇಜಿಗೆ ಕೈ ಮುಗದಾವ. ಯಾಕ ಬಿಟ್ಟಿ ಅಂತ ಕೇಳಬ್ಯಾಡ್ರಿ. ನಾ ಬಿಟ್ಟಿದ್ದು ಕಾಲೇಜಿಗೇ ಇನ್ನೂ ಗೊತ್ತಾಗಿಲ್ಲ. ಶಹಾಪುರದಾಗ ಒಂದ್ ಮೊಬೈಲ್ ರಿಪೇರಿ ಅಂಗಡಿ ಮ್ಯಾಲಿನ ಖೋಲ್ಯಾಗ ಸಣ್ಣ ಸುದ್ದಿ ಚಾನೆಲ್ ಅದ. ಕೇಬಲ್‌ನ್ಯಾಗೂ ಬರ್ತದ, ಮೊಬೈಲ್‌ನ್ಯಾಗೂ ಬರ್ತದ. ಅಲ್ಲಿ ಕೆಲಸ ಕಲ್ಯಾಕ ಹೋದೆ. ಚಾನೆಲ್ ನಡಸೂ ಸರ್ ಮೊದಲ್ನೇ ದಿನಾನೇ ಹೇಳಿದ್ರು: "ಚಿತ್ರ, ಮಾತು, ದನಿ, ಎಲ್ಲಾ ನಿಂದೇ ಇರೂ ಒಂದ್ ಸುದ್ದಿ ಮಾಡ್ಕೊಂಡ್ ಬಾ. ಚಲೋ ಬಂತಂದ್ರ ಕೊರಳಿಗೆ ರಿಪೋರ್ಟರ್ ಕಾರ್ಡ್ ಹಾಕ್ತೀನಿ. ಇಲ್ಲಂದ್ರ ಮನಿ ದಾರಿ ಹಿಡಿ."

ಮನ್ಯಾಗ ಅಪ್ಪನ ಫರ್ಮಾನ್ ಬ್ಯಾರೆ. "ದೀಪಾವಳಿ ತನಕ ನೋಡ್ತೀನಿ. ಕೊಳ್ಳಾಗ ಕಾರ್ಡ್ ಕಾಣಸ್ಲಿಲ್ಲಂದ್ರ ನಿಮ್ಮ ಮಾಮಾನ ಗೊಬ್ಬರದ ಅಂಗಡ್ಯಾಗ ಕುಂದ್ರು." ಆ ಅಂಗಡ್ಯಾಗ ಯೂರಿಯಾ ವಾಸನಿ ಒಂದಾದ್ರ, ಮಾಮಾನ ಉಪದೇಶದ ವಾಸನಿ ಇನ್ನೊಂದು. ನಾ ಮೈಕೇ ಗಟ್ಟಿ ಹಿಡದೆ.

ಮೊದ್ಲು ಕೈ, ಆಮ್ಯಾಲೆ ಮಾರಿ

ಸರ್ ಕಲಿಸಿದ ಮೊದಲ್ನೇ ಪಾಠ ಇದು: "ಯಾರರ ಕೆಲಸ ಮಾಡೂದು ತೋರಿಸ್ಬೇಕಂದ್ರ ಕ್ಯಾಮರಾದಾಗ ಮೊದ್ಲು ಕೈ ಹಿಡಿ, ಆಮ್ಯಾಲೆ ಮಾರಿ, ಆಮ್ಯಾಲೆ ದೂರ ನಿಂತು ಇಡೀ ಜಾಗಾ. ನೋಡೂ ಮಂದಿ ಈ ಕೈ ಯಾರ್ದಪಾ ಅಂತ ಕಾಯಬೇಕು."

ಆಫೀಸ್ ಎದುರಿನ ಚಾದಂಗಡಿಗೆ ಹೋಗಿ ಮಾಲಕನ ಕೈ ಮುಂದ ಮೊಬೈಲ್ ಹಿಡದೆ. ಸೋಸೂ ಕೈ, ಗ್ಲಾಸ್ ತೊಳ್ಯೂ ಕೈ. ಅಂವಾ ತನ್ನ ಕೈ ತಿರುವಿ ತಿರುವಿ ನೋಡ್ಕೊಂಡ. ಆಮ್ಯಾಲೆ, "ತಮ್ಮಾ, ಬರೀ ಕೈ ಯಾಕ ಹಿಡ್ಯಾಕತ್ತಿ? ಮಾರಿ ಚಂದಿಲ್ಲೇನು?" ಅಂದ.

"ಮಾರಿ ಆಮ್ಯಾಲ್ರಿ. ಈಗ ಕೈದೇ ಕೆಲಸ."

ಇಂವಾ ಸ್ವಚ್ಛತಾ ನೋಡಾಕ ಬಂದ ಸರ್ಕಾರಿ ಮನಷ್ಯಾ ಅಂತ ಅವನಿಗೆ ಪಕ್ಕಾ ಆತು. ಒಳಗ ಹೋಗಿ ಇಸ್ತ್ರಿ ಅಂಗಿ ಹಾಕ್ಕೊಂಡ್ ಬಂದ. ಗ್ಲಾಸ್ ಮತ್ತ ಮತ್ತ ತೊಳದ. ಕಡೀಗೆ ಚಾ ಸೋಸೂ ಬಟ್ಟಿಗೂ ಸೋಪ್ ಹಚ್ಚಿದ. ದಿನಾ ಬರೂ ಒಬ್ಬ ಹಿರ್ಯಾ ಒಂದ್ ಗುಟುಕು ಕುಡದು ಗ್ಲಾಸ್ ಕೆಳಗಿಟ್ಟ.

"ಏನ್ ಹಾಕೀಯೋ ಇದ್ರಾಗ? ಹೊಟ್ಟಿ ಜಳಕ ಆದಂಗಾತಲ್ಲೋ!"

ಯಾವ ಧೂಳು?

ಎರಡನೇ ಪಾಠ, ಮಂದಿ ಅಭಿಪ್ರಾಯ ತರೂದು. ಸಂತಿ ದಾರ್ಯಾಗ ಧೂಳು ಭಾಳ ಆಗಿತ್ತು. ಕಾಯಿಪಲ್ಯ ಮಾರೂ ಅಜ್ಜಿಯೊಬ್ಬಾಕಿ ನನ್ನ ನೋಡಿದ್ದೇ ತಡ, ಸುರು ಹಚ್ಚಿದ್ಲು. "ಈ ಧೂಳಿನ್ಯಾಗ ನನ್ನ ಬದನಿಕಾಯಿ ಯಾವು, ಆಲೂಗಡ್ಡಿ ಯಾವು, ನನಗೇ ತಿಳೀವಲ್ದು! ಮುಟ್ಟಿ ನೋಡಿ ಮಾರಾಕತ್ತೀನಿ. ಹಾಕು ನಿನ್ನ ಟೀವ್ಯಾಗ!"

ಇಂಥಾ ಮಾತು ಸಿಕ್ಕಿದ್ದು ನನ್ನ ನಸೀಬು ಅಂತ ಕುಣದು ಮೊಬೈಲ್ ಚಾಲೂ ಮಾಡ್ದೆ. ಅಜ್ಜಿ ತಲಿ ಮ್ಯಾಲ ಸೆರಗು ಎಳ್ಕೊಂಡ್ಲು. ದನಿ ಬೆಣ್ಣಿ ಆತು.

"ದೇವರು ಚಂದ ಇಟ್ಟಾನ್ರಿ. ಎಲ್ಲಾ ಅರಾಮ ಅದ."

"ಅಜ್ಜಿ, ಧೂಳು?"

"ಯಾವ ಧೂಳು?" ಅಂದು ಕೆಮ್ಮಿದ್ಲು.

ಬಂದ್ ಮಾಡಿ ಕೇಳಿದೆ, "ಯಾಕಜ್ಜಿ ಹಿಂಗ ಮಾಡ್ದಿ?"

"ಏ ಹುಚ್ಚಾ, ಹತ್ತೂರ ಮಂದಿ ನೋಡ್ತಾರ. ಹೊರಗಿನವ್ರ ಮುಂದ ಮನಿ ಹುಳುಕು ಬಿಚ್ತಾರೇನು? ನಿಮ್ಮವ್ವ ಇಷ್ಟೂ ಕಲ್ಸಿಲ್ಲಾ?"

ಆಫೀಸಿನ್ಯಾಗ ತಗದು ನೋಡಿದ್ರ ಅಜ್ಜಿ ಮಾರೀನೇ ಇಲ್ಲ, ಬರೀ ಧೂಳು. ಧೂಳಿನೊಳಗಿಂದ ಒಂದ್ ದನಿ ಬರಾಕತ್ತಿತ್ತು: ಎಲ್ಲಾ ಅರಾಮ ಅದ.

ನಾವೂ ಇಲ್ಲೇ ಅದೀವಿ

ಕ್ಯಾಮರಾ ನೋಡಿ ಮಾತಾಡೂದು ಕಲ್ಯಾಕ ಸರ್ ನನ್ನ ಸುರಪುರಕ್ಕ ಕಳ್ಸಿದ್ರು. ನನ್ನ ಜೋಡಿ ನಮ್ಮ ಚಾನೆಲ್‌ನ ಕ್ಯಾಮರಾಮನ್ ಕಾಕಾ. ಸುತ್ತಮುತ್ತಲಿನ ಅರ್ಧ ಮದುವಿ ಕಾಕಾನೇ ಶೂಟ್ ಮಾಡ್ಯಾನ. ಹಿಂಗಾಗಿ ಯಾರಿಗೇ ಕ್ಯಾಮರಾ ಹಿಡದ್ರೂ ಮೊದ್ಲು "ಸ್ವಲ್ಪ ನಗ್ರಿ" ಅಂತಾನ. ಮೋರ್ಚಾದಾಗ ಘೋಷಣಾ ಕೂಗೂ ಮಂದಿಗೂ ಹಂಗೇ ಅಂದಿದ್ದ.

ಹಿಂದ ಗುಡ್ಡ ಕಾಣೂ ಹಂಗ ನಿಂತು, ದೊಡ್ಡ ಚಾನೆಲ್‌ನವ್ರ ಹಂಗ ದನಿ ದಪ್ಪ ಮಾಡ್ದೆ. "ವೀಕ್ಷಕರೇ, ನಾವೀಗ ಸುರಪುರದಲ್ಲಿದ್ದೇವೆ."

ಕಟ್ಟಿ ಮ್ಯಾಲ ಕುಂತಿದ್ದ ಅಜ್ಜ ಅಂದ, "ಗೊತ್ತದ ಬಿಡಪಾ. ನಾವೂ ಇಲ್ಲೇ ಅದೀವಿ."

ಮತ್ತ ಸುರು ಮಾಡ್ದೆ. "ವೀಕ್ಷಕರೇ, ನನ್ನ ಹಿಂದೆ ನೀವು ನೋಡುತ್ತಿರುವುದು..."

"ಗುಡ್ಡ," ಅಂದ ಅಜ್ಜ. "ಅದು ನಮ್ಮಜ್ಜನ ಕಾಲದಿಂದ ಅಲ್ಲೇ ಅದ. ಮುಂದ ಹೇಳು."

ಮುಂದೇನು ಅಂತ ನನಗೇ ಮರ್ತೋತು. ಅಜ್ಜ ಕಾಕಾನ ಕಡೆ ಹೊಳ್ಳಿ, ಮರುಗಿಕೋತ ಕೇಳಿದ: "ಪಾಪ, ಯಾವೂರ ಹುಡುಗ? ದಾರಿ ತಪ್ಪ್ಯಾದೇನು?"

ಗಟಾರಕ್ಕ ಗುಲಾಬಿ

ಎಡಿಟಿಂಗ್ ಕಲಿಸಾಂವನೂ ಕಾಕಾನೇ. ಒಂದ್ಸಲ ತುಂಬಿದ ಗಟಾರದ ಸುದ್ದಿ ಅವಸರದಾಗ ಜೋಡಿಸಿದಿವಿ. ಹಿಂದಿನ ದಿನದ ಮದುವಿ ಫೈಲ್ ಕಂಪ್ಯೂಟರ್‌ನ್ಯಾಗ ತೆರದೇ ಇತ್ತು, ಅದ್ರೊಳಗೇ ಗಟಾರ ತುರುಕಿದ ಕಾಕಾ. ಸುದ್ದಿ ಹೊಂಟ್ತು. ಗಟಾರದ ಮ್ಯಾಲ ಮೆಲ್ಲಕ ಗುಲಾಬಿ ಎಸಳು ಬೀಳಾಕತ್ತಿದ್ವು. ನಟ್ಟನಡುವ ಹೃದಯದ ಆಕಾರದ ಚೌಕಟ್ಟಿನ್ಯಾಗ ಒಂದು ಹಂದಿ. ಹಿಂದ ಶಹನಾಯಿ.

ಸರ್ ತಲಿ ಮ್ಯಾಲ ಕೈ ಹೊತ್ತು ಕುಂತ್ರು. ಅಷ್ಟ್ರಾಗ ಆ ಓಣ್ಯಾಗಿಂದ ಫೋನ್ ಬಂತು. "ಸರ್ರ, ನಮ್ಮ ಗಟಾರ ಇಷ್ಟ್ ಚಂದ ಅದ ಅಂತ ಗೊತ್ತೇ ಇದ್ದಿಲ್ರಿ. ಮತ್ತೊಮ್ಮಿ ಯಾವಾಗ ಹಾಕ್ತೀರಿ?"

ಒಂದ್ ನಿಮಿಷ ಮೌನ

ಶಿರವಾಳದಾಗ ಹಳೇ ಗುಡಿಗಳದಾವ. ಅವುಗಳ ಮ್ಯಾಲೆ ಒಂದ್ ಸಣ್ಣ ಸುದ್ದಿ ಮಾಡಾಕ ಹೋದಿವಿ. ಸರ್ ಹೇಳಿ ಕಳ್ಸಿದ್ರು: "ಜಾಗಾದ ದನಿ ಹಿಡ್ಕೊಂಡ್ ಬಾ. ಗಾಳಿ, ಹಕ್ಕಿ, ಅಷ್ಟೇ. ಮನಷ್ಯಾರ ಮಾತು ಒಂದೂ ಬ್ಯಾಡ."

ಗುಡಿ ಮುಂದ ಹಿರ್ಯಾರು ಕುಂತು ಹರಟಿ ಹೊಡ್ಯಾಕತ್ತಿದ್ರು. ಕೈ ಮುಗದು ಅಂದೆ, "ಯಜಮಾನ್ರ, ಒಂದ್ ನಿಮಿಷ ಎಲ್ಲಾರೂ ಸುಮ್ನ ಇರ್ರಿ."

ಒಬ್ಬರ ಮಾರಿ ಒಬ್ಬರು ನೋಡಿದ್ರು. ಆಮ್ಯಾಲೆ ಮೆಲ್ಲಕ ಎದ್ದು ನಿಂತ್ರು. ರುಮಾಲು ತಗದ್ರು, ತಲಿ ಬಗ್ಗಿಸಿದ್ರು. ದಾರ್ಯಾಗ ಹೊಂಟವನೊಬ್ಬ ಸೈಕಲ್ ಇಳದು ಅಲ್ಲೇ ನಿಂತ. ನನಗ ಖುಷಿಯೋ ಖುಷಿ. ಇಂಥಾ ಸಹಕಾರ ಎಲ್ಲೂ ಸಿಕ್ಕಿದ್ದಿಲ್ಲ. ಗಾಳಿ ಸಿಕ್ತು, ಪಾರಿವಾಳ ಸಿಕ್ಕ್ವು. ಕೈ ಮುಗದು ಹೊಂಟ್ವಿ.

ಬಸ್ ನಿಲ್ಲೂ ಜಾಗಾಕ್ಕ ಬರೂದ್ರಾಗ ಅಂಗಡ್ಯಾಂವ ಅರ್ಧ ಶಟರ್ ಎಳದಿದ್ದ. ಏನಾಗ್ಯಾದ್ರಿ ಅಂತ ಕೇಳಿದೆ.

"ಯಾರೋ ತೀರ್ಕೊಂಡಾರಂತ್ರಿ."

"ಯಾರು?"

"ಹೆಸರು ಗೊತ್ತಾಗಿಲ್ಲ. ಆದ್ರ ಟೀವಿಯವ್ರು ಬಂದು ಮೌನ ಮಾಡಿಸಿ ಹೋದ್ರಂತ. ಅಂದಮ್ಯಾಲ ದೊಡ್ಡವ್ರೇ ಇರ್ಬೇಕು."

ದೊಡ್ಡವ್ವನ ಚಾ

ದೀಪಾವಳಿ ಹತ್ರ ಬಂತು. ಕಾರ್ಡ್ ಇಲ್ಲ. ಮಾಮಾ ಆಗ್ಲೇ ಅಂಗಡ್ಯಾಗ ನನಗಂತ ಒಂದ್ ಸ್ಟೂಲ್ ಒರೆಸಿ ಇಟ್ಟಿದ್ದ.

ಆಗ ಒಂದ್ ಹಳ್ಳಿಯಿಂದ ಫೋನ್ ಬಂತು. ಹೆಸರು ಹೇಳಂಗಿಲ್ಲ, ಹೇಳಿದ್ರ ಆ ಊರ ಹೆಣ್ಮಕ್ಕಳು ನನ್ನ ಬಿಡಂಗಿಲ್ಲ. ಒಂದ್ ಓಣ್ಯಾಗ ನಳಕ್ಕ ನೀರು ನಿಂತು ಭಾಳ ದಿನ ಆಗಿತ್ತು. ಕಾಕಾನ್ನ ಕರ್ಕೊಂಡು ಓಡಿದೆ. ಓಣಿಗೆಲ್ಲಾ ಹಿರೇತನ ಮಾಡೂ ದೊಡ್ಡವ್ವ ಬಾಗಲಾಗೇ ಸಿಕ್ಲು.

"ನೀರೆಲ್ಲಿ ತಮ್ಮಾ? ನಳದಾಗ ಬರೀ ಗಾಳಿ ಬರ್ತದ. ಸೆಕಿ ಆದ್ರ ನಳ ತಿರುವಿ ಅದ್ರ ಮುಂದ ಕುಂದ್ರತೀವಿ."

ಕಾಕಾ ಕ್ಯಾಮರಾ ಎತ್ತಿದ. ಸೆರಗು ತಲಿ ಮ್ಯಾಲ ಹೋತು.

"ದೇವರ ದಯಾ. ಎಲ್ಲಾ ಅರಾಮ ಅದ."

ಮುಂದಿನ ಮನಿ, ಅದರ ಮುಂದಿನ ಮನಿ, ಎಲ್ಲಾ ಕಡೆ ದೇವರ ದಯಾನೇ. ಬಿಸಲು ನೆತ್ತಿಗೆ ಬಂದಿತ್ತು. ಕಣ್ಣ ಮುಂದ ಮಾಮಾನ ಸ್ಟೂಲ್ ತಿರುಗಾಕತ್ತಿತ್ತು. ಹೊಳ್ಳಿ ಬಂದು ದೊಡ್ಡವ್ವನ ಕಟ್ಟಿ ಮ್ಯಾಲ ಕುಂತೆ. ಇದು ಐಡಿಯಾ ಗಿಡಿಯಾ ಏನಲ್ಲ, ಖರೇನೇ ಬಾಯಿ ಒಣಗಿತ್ತು. "ದೊಡ್ಡವ್ವ, ಒಂದ್ ಕಪ್ ಚಾ ಕೊಡ್ತಿ?" ಅಂದೆ.

ದೊಡ್ಡವ್ವ ಒಮ್ಮಿ ನನ್ನ ನೋಡಿದ್ಲು, ಒಮ್ಮಿ ಖಾಲಿ ಕೊಡ ನೋಡಿದ್ಲು. ಮನಿಗೆ ಬಂದಾಂವ ಬಾಯಿಬಿಟ್ಟು ಚಾ ಕೇಳ್ಯಾನ, ಇಲ್ಲ ಅನ್ನಂಗಿಲ್ಲ. ಮಾಡಾಕ ಮನ್ಯಾಗ ನೀರಿಲ್ಲ. ತಂಬಿಗಿ ತಗೊಂಡು ಬಾಜೂಮನಿ ಸೊಸೀಗೆ ಕೂಗಿದ್ಲು, "ಏ ಸೊಸಿ, ಒಂದ್ ಗುಟುಕು ನೀರ್ ಹಾಕ." ಆ ಸೊಸಿ ಕೊಡ ಬಗ್ಗಿಸಿದ್ಲು. ನಾಕು ಹನಿ ಬಿದ್ವು. ಆಕಿ ತಂಬಿಗಿ ಮುಂದಿನ ಮನಿಗೆ ಒಯ್ದ್ಲು.

ನನಗ ಆಗ ಹೊಳೀತು. "ಕಾಕಾ, ಮಾತು ಬಿಡು. ತಂಬಿಗಿ ಹಿಂದ ಹೋಗು."

"ದೊಡ್ಡವ್ವ, ಕ್ಯಾಮರಾ ಚಾಲೂ ಅದ ನೋಡು," ಅಂತನೂ ಹೇಳ್ದೆ.

"ಇರ್ಲೇಳು. ಚಾ ಕೊಡಾಕ ಏನ್ ನಾಚ್ಕಿ?"

ಕಾಕಾ ಮದುಮಗಳ ಹಿಂದ ಹೋದಂಗ ತಂಬಿಗಿ ಹಿಂದ ಹೋದ. ಒಂದ್ ಮನ್ಯಾಗ ಹಂಡೆದ ತಳ ಕೆರದ್ರು, ಇನ್ನೊಂದ್ರಾಗ ಕೂಸಿನ ನೀರಿನ ಬಾಟ್ಲಿಯೊಳಗಿಂದ ಅರ್ಧ ಬಗ್ಗಿಸಿದ್ರು. ಮೊದ್ಲು ಕೈ, ಆಮ್ಯಾಲೆ ಮಾರಿ, ಆಮ್ಯಾಲೆ ಇಡೀ ಓಣಿ. ತಂಬಿಗಿ ಓಣಿ ಸುತ್ತಿ ಬಂದು ನನಗ ಒಂದ್ ಕಪ್ ಚಾ ಆತು. ಸರ್ ನೋಡಿ ಒಂದ್ ಮಾತೂ ಸೇರಿಸ್ಲಿಲ್ಲ, ಹಂಗೇ ಚಾನೆಲ್‌ನ್ಯಾಗ ಹಾಕಿದ್ರು. ಜಿಲ್ಲಾದಾಗೆಲ್ಲಾ ಮೊಬೈಲ್‌ನ್ಯಾಗ ಅದೇ ತಂಬಿಗಿ ತಿರುಗಾಡ್ತು.

"ಸರ್, ಕಾರ್ಡ್?"

"ಮುಂದೇನಾತು ಅಂತ ತರೂ ತನಕ ಅದು ಅರ್ಧ ಸುದ್ದಿ. ಹೋಗಿ ತಗೊಂಡ್ ಬಾ, ಆಮ್ಯಾಲೆ ಕಾರ್ಡ್."

ಹೋದೆ. ನೀರೇನೋ ಬಂದಿತ್ತು. ಆದ್ರ ದೊಡ್ಡವ್ವ ಕಟ್ಟಿ ಮ್ಯಾಲೇ ಕಾಯಾಕತ್ತಿದ್ಲು. "ಬಾ ಮಗನ! ಒಂದ್ ಕಪ್ ಚಾಕ್ಕ ಊರೆಲ್ಲಾ ಬೇಡಿದ್ಲು ಅಂತ ನನ್ನ ಬೀಗರು ನೋಡ್ಯಾರ. ನನ್ನ ಇಜ್ಜತ್ ತಗದಿ!"

"ಹೋಗ್ಲಿ ಬಿಡು ದೊಡ್ಡವ್ವ, ಈಗ ನೀರು ಬಂದದ ಅಂತ ಒಂದ್ ಮಾತು ಹೇಳು."

ಕ್ಯಾಮರಾ ಚಾಲೂ ಆತು. ಸೆರಗು ಏರ್ತು. "ಬಂದದ ಅಂದ್ರೇನು? ಯಾವಾಗ ಇದ್ದಿಲ್ಲ? ನಮ್ಮ ಓಣ್ಯಾಗ ಯಾವತ್ತೂ ಎಲ್ಲಾ ಅರಾಮ."

"ಯವ್ವಾ, ಹಂಗಂದ್ರ ನನ್ನ ಸುದ್ದಿ ಸುಳ್ಳಾಗ್ತದ! ನನ್ನ ಕಾರ್ಡ್ ಹೋಗ್ತದ!"

"ಹೋಗ್ಲಿ. ಇಜ್ಜತ್ ನಂದು ಹೋಗಿಲ್ಲಾ?" ಅಂದು, ನಳ ಪೂರಾ ತಿರುವಿದ್ಲು. ನೀರು ಬಂದ ರಭಸಕ್ಕ ನಾನೂ ತೊಯ್ದೆ, ಮೈಕೂ ತೊಯ್ತು. ಒಲಿ ಹಚ್ಚಿ ಕಪ್ ಅಲ್ಲ, ಅದೇ ತಂಬಿಗಿ ತುಂಬ ಚಾ ಮಾಡಿ ತಂದ್ಲು. "ಕುಡಿ. ಪೂರಾ ಕುಡಿ. ಏ ಕ್ಯಾಮರಾದಾಂವ, ಬಂದ್ ಮಾಡಬ್ಯಾಡ. ಬೀಗರು ನೋಡ್ಲಿ."

ಹೊಳ್ಳಿ ನೋಡಿದ್ರ, ಅವತ್ತು ಯಾರ್ಯಾರ ಖಾಲಿ ಕೊಡ ಟೀವ್ಯಾಗ ಬಂದಿತ್ತೋ ಅವ್ರೆಲ್ಲಾ ಚಾ ತುಂಬಿದ ತಂತಮ್ಮ ತಂಬಿಗಿ ಹಿಡ್ಕೊಂಡು ಪಾಳಿ ಹಚ್ಚಿದ್ರು.

ಆಫೀಸಿನ್ಯಾಗ ಸರ್ ನೋಡಿ ಕೇಳಿದ್ರು, "ಇದ್ರಾಗ ಸುದ್ದಿ ಎಲ್ಲದಲೇ? ಬರೀ ನೀ ಚಾ ಕುಡ್ಯೂದೇ ಅದ."

"ಅದೇ ಸುದ್ದಿ ಸರ್," ಅಂದೆ. ಮುಂದ ಮಾತಾಡಾಕ ಹೊಟ್ಟ್ಯಾಗ ಜಾಗಾ ಇದ್ದಿಲ್ಲ. ಸರ್ ನಕ್ಕು ಡ್ರಾವರ್ ತಗದು ಕಾರ್ಡ್ ಕೊಟ್ರು. ಅಪ್ಪ ಅದನ್ನ ಹಿಂದ ಮುಂದ ತಿರುವಿ ನೋಡಿ, "ಫೋಟೋದಾಗ ಶಾಣ್ಯಾ ಕಾಣ್ತಿ," ಅಂದ. ಮಾಮಾ ಸ್ಟೂಲ್ ಒಳಗ ಇಟ್ಟ.

ದೀಪಾವಳಿ ಮುಗದ ಮ್ಯಾಲ ಅದೇ ಊರಾಗ ಹಾದು ಹೊಂಟಿದ್ದೆ. ಕೊಳ್ಳಾಗ ಕಾರ್ಡ್, ಎದಿ ಉಬ್ಬಿಸಿದ್ದೆ. ಆಚೆ ಓಣಿಯ ಹೆಣ್ಮಗಳೊಬ್ಬಾಕಿ ಖಾಲಿ ಕೊಡ ಹಿಡ್ಕೊಂಡು ಓಡಿ ಬಂದು ದಾರಿ ಕಟ್ಟಿದ್ಲು. ಆಕಡೆ ಈಕಡೆ ನೋಡಿ, ಸೆರಗು ಸರಿ ಮಾಡ್ಕೊಂಡು, ಮೆಲ್ಲಕ ಅಂದ್ಲು:

"ಯಪ್ಪಾ, ನಮ್ಮ ಓಣ್ಯಾಗ ಎಲ್ಲಾ ಅರಾಮ ಅದ. ಆದ್ರ ಜರಾ ಕ್ಯಾಮರಾ ತಗೊಂಡು ಬಂದು, ನಮ್ಮ ಮನ್ಯಾಗೂ ಒಂದ್ ಕಪ್ ಚಾ ಕೇಳಿ ಹೋಗು."