ಬಾವಿ ನೋಡಲು ಬಂದ ಭಾವ

ಹೆಣ್ಣು ನೋಡಲು ಬಂದ ನಮ್ಮ ಭಾವ ಮೊದಲು ನೋಡಿದ್ದು ನಮ್ಮ ಮನೆಯ ಬಾವಿಯನ್ನು! ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಅವರಿಗೆ ಒಂದು ಸೀಸೆ ನೀರು ಸೇದಿಕೊಟ್ಟವಳೇ ನಾನು.

ಎರಡನೇ ಮಹಾಯುದ್ಧದ ಕಾಲ. ನಾವಿದ್ದದ್ದು ಅರಕಲಗೂಡಿನಲ್ಲಿ. ಅಕ್ಕನ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಊತ, ಗಳಗಂಡ. ಮೂರು ಗಂಡುಗಳು ಬಂದು, ಉಪ್ಪಿಟ್ಟು ತಿಂದು, ಕತ್ತು ನೋಡಿ ಎದ್ದುಹೋಗಿದ್ದರು. ಪೂರ್ವಜನ್ಮದ ಪಾಪವೆಂದು ಬೀದಿಯವರು ತೀರ್ಪು ಕೊಟ್ಟಾಗಿತ್ತು. ನಾಲ್ಕನೆಯವರೇ ಈ ಭಾವ, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇವರು ಉಪ್ಪಿಟ್ಟನ್ನೂ ತಿನ್ನಲಿಲ್ಲ! ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗಿಳಿಸಿದರು.

"ಯಾಕಪ್ಪಾ, ರುಚಿಯಾಗಿಲ್ವಾ?" ಎಂದಳು ಅಮ್ಮ.

"ಗೊತ್ತಿಲ್ಲಮ್ಮ. ಸುಟ್ಟು ಬೂದಿ ಮಾಡಿ, ಅಯೋಡಿನ್ ಎಷ್ಟಿದೆ ನೋಡ್ಬೇಕು. ಅದು ಊಟದಲ್ಲಿ ಕಮ್ಮಿಯಾದ್ರೇ ಕತ್ತು ಊದೋದು."

ಅಡಿಗೆಯನ್ನು ಸುಡುತ್ತೇನೆನ್ನುವ ಅಳಿಯ ಯಾರಿಗೆ ಬೇಕು, ಹೇಳಿ? ಅಷ್ಟಕ್ಕೇ ಬಿಟ್ಟರೆ? ಅಪ್ಪನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅಪ್ಪನ ದನಿ ಬೀದಿಯ ಕೊನೆಗೆ ಕೇಳಿಸಿತು:

"ಉಚ್ಚೆಯಾ? ಬ್ಯಾರೆಯೋರು ಜಾತ್ಕ ಕೇಳ್ತಾರೆ, ಒಡ್ವೆ ಕೇಳ್ತಾರೆ. ಇದ್ನ ಯಾರೂ ಕೇಳಿರ್ನಿಲ್ಲ ಮೇಷ್ಟ್ರೇ!"

ಕೊಟ್ಟೆವೆನ್ನಿ. ಮನೆಯ ನಾಲ್ವರದೂ ನಾಲ್ಕು ಸೀಸೆ, ಹೆಸರಿನ ಚೀಟಿ ಸಮೇತ.

ಪೆಟ್ರೋಲಿಗೆ ಬರವಿದ್ದ ಆಗ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಭಾವನ ಪಕ್ಕ ಕೂತವನು ನಮ್ಮೂರಿನ ತೆಂಗಿನಕಾಯಿ ವ್ಯಾಪಾರಿ. "ಜೇನುತುಪ್ಪವಾ ಸಾ?" ಎಂದನಂತೆ.

"ಅಲ್ಲ, ನಮ್ಮ ಮಾವನವರ ಮೂತ್ರ."

ಅಲ್ಲಿಂದ ಹೊಳೆನರಸೀಪುರದವರೆಗೆ ಇಡೀ ಸೀಟು ಭಾವನಿಗೇ!

ಮರುದಿನವೇ ಆ ವ್ಯಾಪಾರಿ ನಮ್ಮ ಜಗುಲಿಗೆ ಬಂದು ದೂರು ಹೇಳಿದ. ಮಾನ ಹೋಯಿತೆಂದು ಅಪ್ಪ ಕೆಂಡವಾದರು. ಅಮ್ಮ ಮಾತ್ರ ಒಳಗಿನಿಂದ ಓಡಿಬಂದಳು.

"ತಡೀರಿ! ಮಾವ ಅಂದ್ರಾ?"

"ಊ ಕಣವ್ವ, ಮಾವ ಅಂತ್ಲೇ ಅಂದ್ರು."

ಅಮ್ಮ ಅವನ ಬಾಯಿಗೆ ಬೆಲ್ಲ ತುರುಕಿದಳು.

ಹದಿನೈದು ದಿನ ಕಳೆದು ಭಾವ ತಾವೇ ಬಂದರು. ಅರ್ಧ ಬೀದಿ ನೆರೆದಿತ್ತು. ಜೇಬಿನಿಂದ ಕಾಗದ ತೆಗೆದು ಪಾಠದಂತೆ ಓದಿದರು:

"ಅಯೋಡಿನ್ ಇದ್ರೆ ಗಂಜಿ ಹಾಕಿದಾಗ ನೀಲಿಯಾಗ್ಬೇಕು. ಹನಿ ಹನಿ ಅಳೆದು ನೋಡ್ದೆ. ಬಾವಿ ನೀರು, ಉಪ್ಪಿಟ್ಟು, ನಿಮ್ಮ ನಾಲ್ಕೂ ಸೀಸೆ, ಯಾವುದೂ ಸರಿಯಾಗಿ ನೀಲಿಗೆ ತಿರುಗ್ಲಿಲ್ಲ. ಔಷಧಿ ಕೊಟ್ರೆ ಊತ ಇಳೀಬಹುದು, ಇಳೀದೆಯೂ ಇರಬಹುದು. ಆದ್ರೆ ಇದು ಯಾರ ಪಾಪವೂ ಅಲ್ಲ. ಹುಡುಗಿದೇನೂ ತಪ್ಪಿಲ್ಲ."

ಮೂರು ಗಂಡುಗಳು ಎದ್ದುಹೋದಾಗಲೂ ಕಣ್ಣಲ್ಲಿ ನೀರು ಹಾಕದಿದ್ದ ಅಕ್ಕ ಅಡಿಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ದನಿ ಹೊರಗೆ ಕೇಳಿಸಿತು. ಭಾವ ಓದುವುದನ್ನು ನಿಲ್ಲಿಸಿ, ಬಾಗಿಲಲ್ಲಿ ನಿಂತಿದ್ದ ನನ್ನ ಬಳಿ ಬಂದರು.

"ಯಾಕಮ್ಮಾ," ಎಂದರು ಮೆಲ್ಲಗೆ, "ಅವರಿಗೆ ನಾನು ಒಪ್ಪಿಗೆ ಇಲ್ವಾ?"